ನಿದ್ರಾಸ್ತಂಭನವೂ ಮುದಿ ಮಾಟಗಾತಿಯೂ

ನಿದ್ರೆ ತಿಳಿಯುವ ಹೊತ್ತಿನಲ್ಲಿ ಎಚ್ಚರವಿದ್ದೂ ಕೈಕಾಲುಗಳನ್ನಾಡಿಸಲಾರದೆ, ಎದೆಯ ಮೇಲೆ ಯಾರೋ ಕುಳಿತಂತಾಗಿ ಮನುಷ್ಯನು ಭೀತನಾಗುವುದುಂಟು. ಇದಕ್ಕೆ ನಿದ್ರಾಸ್ತಂಭನವೆಂದು ಹೆಸರು. ನ್ಯೂಫೌಂಡ್‌ಲೆಂಡ್ ದ್ವೀಪದ ಜನರು ಇದನ್ನು ‘ಓಲ್ಡ್ ಹ್ಯಾಗ್’, ಎಂದರೆ ಮುದಿ ಮಾಟಗಾತಿಯ ಬಾಧೆಯೆಂದು ಕರೆದರು. ಹಗೆಯಾದವನು ಅವಳನ್ನು ಕಳುಹಿಸಬಲ್ಲನೆಂದೂ ನಂಬಿದರು. ಜಪಾನಿನಲ್ಲಿ ಇದೇ ‘ಕನಾಶಿಬಾರಿ’, ಲೋಹದ ಕಟ್ಟು.

ಇದರ ಕಾರಣವು ದೇಹಧರ್ಮದಲ್ಲಿಯೇ ಇರುವುದು. ಕಣ್ಣಾಲಿಗಳು ವೇಗವಾಗಿ ಚಲಿಸುವ ನಿದ್ರಾವಸ್ಥೆಯೊಂದುಂಟೆಂದು 1953ರಲ್ಲಿ ಅಸೆರಿನ್‌ಸ್ಕಿ, ಕ್ಲೈಟ್‌ಮನ್ ಎಂಬವರು ಪ್ರಕಟಪಡಿಸಿದರು. ಕನಸುಗಳು ವಿಶೇಷವಾಗಿ ತೋರುವ ಆ ಅವಸ್ಥೆಯಲ್ಲಿ ಮಿದುಳು ಸ್ನಾಯುಗಳ ಚಲನೆಯನ್ನು ತಡೆದಿಡುವುದು. ಆ ತಡೆಯು ತೆರವಾಗುವ ಮುನ್ನವೇ ಎಚ್ಚರವಾದರೆ ದೇಹವು ಸ್ತಬ್ಧವಾಗಿದ್ದು, ಕನಸಿನ ಶೇಷವು ಕೋಣೆಯೊಳಗೇ ಕಾಣುವುದು. ವಪೆಯು ಕೆಲಸಮಾಡುತ್ತಲೇ ಇರುವುದರಿಂದ ಉಸಿರು ನಿಲ್ಲದು. ಆದರೆ ಎದೆಯ ಸ್ನಾಯುಗಳು ಸಡಿಲಗೊಂಡು, ಇಚ್ಛೆಯಂತೆ ಉಸಿರೆಳೆಯಲಾಗದೆ ಭಾರವು ತೋರುವುದು.

ಹಾಗಾದರೆ ನಂಬಿಕೆಯೇ ಈ ಅನುಭವವನ್ನು ಹುಟ್ಟಿಸಿತೆ? ಆ ಕಥೆಯನ್ನೆಂದೂ ಕೇಳದವರೂ ಇಂಥದೇ ಅನುಭವವನ್ನು ಹೇಳುವರೆಂದು ಡೇವಿಡ್ ಹಫರ್ಡರು 1982ರ ತಮ್ಮ ಗ್ರಂಥದಲ್ಲಿ ತೋರಿಸಿದರು. ಆದುದರಿಂದ ಅನುಭವವು ಮನುಷ್ಯಸಾಮಾನ್ಯವಾದುದು. ಹೆಸರೂ ಅರ್ಥವೂ ದೇಶಾಚಾರಕ್ಕೆ ಸೇರಿದುವು. ಮುದುಕಿಯನ್ನು ಕಂಡೆನೆಂಬವನನ್ನು ಸುಳ್ಳುಗಾರನೆನ್ನಲಾಗದು. ಅವಳನ್ನು ಕಳುಹಿಸಿದನೆಂದು ನೆರೆಯವನನ್ನು ದೂರಲೂ ಆಗದು.