ಅಹಮದಾಬಾದಿನ ಪೋಳ್‌ಗಳಲ್ಲಿ ಕಾಲ್ನಡಿಗೆ

ಅಹಮದಾಬಾದ್ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಸಾಬರಮತಿ ಆಶ್ರಮ, ಬಟ್ಟೆ ಗಿರಣಿ, ಈಚೆಗೆ ಕ್ರಿಕೆಟ್ ಮೈದಾನ. ನದಿಯ ಪೂರ್ವ ದಂಡೆಯ ಹಳೆಯ ಊರನ್ನು ನೋಡದೆ ಮರಳುವವರೇ ಬಹಳ. ಸುಲ್ತಾನ ಅಹ್ಮದ್ ಷಾ 1411ರಲ್ಲಿ ಸ್ಥಾಪಿಸಿದ ಈ ಕೋಟೆಯೂರು 2017ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಭಾರತದ ನಗರವೊಂದಕ್ಕೆ ಆ ಮನ್ನಣೆ ಸಿಕ್ಕಿದ್ದು ಅದೇ ಮೊದಲು. ಕೋಟೆಗೋಡೆ ಈಗ ಬಹುಪಾಲು ಇಲ್ಲ. ದೆಹಲಿ ದರ್ವಾಜಾ, ದರಿಯಾಪುರ ದರ್ವಾಜಾದಂಥ ಬಾಗಿಲುಗಳು ವಾಹನಗಳ ಗದ್ದಲದ ನಡುವೆ ನಿಂತಿವೆ. ಒಳಗಿನ ಓಣಿಗಳ ಹೆಣಿಗೆ ಮಾತ್ರ ಉಳಿದಿದೆ. ಎಷ್ಟೋ ಕಡೆ ಆಟೊ ಕೂಡ ನುಗ್ಗದ ಆ ಓಣಿಗಳನ್ನು ನಡೆದೇ ನೋಡಬೇಕು.

ಅದಕ್ಕೊಂದು ಒಳ್ಳೆಯ ಏರ್ಪಾಡು 1997ರಿಂದಲೂ ಇದೆ. ಮಹಾನಗರ ಪಾಲಿಕೆಯ ಪರಂಪರೆ ನಡಿಗೆ ಬೆಳಿಗ್ಗೆ ಕಾಲೂಪುರದ ಸ್ವಾಮಿನಾರಾಯಣ ಮಂದಿರದಿಂದ ಹೊರಟು ಜಾಮಾ ಮಸೀದಿಯಲ್ಲಿ ಮುಗಿಯುತ್ತದೆ. 1822ರ ಆ ಮಂದಿರದ ಬಣ್ಣ ಬಳಿದ ಮರದ ಕೆತ್ತನೆ ನೋಡಿಕೊಂಡು ಹೊರಬಿದ್ದರೆ ಪೋಳ್‌ಗಳು ಶುರು.

ಒಂದೇ ಹೆಬ್ಬಾಗಿಲಿನ ಕೇರಿಯೇ ಪೋಳ್. ಬಾಗಿಲ ಮೇಲೆ ಕಾವಲುಗಾರನ ಕೋಣೆ, ಒಳಗೆ ಒಂದೇ ಜಾತಿಯ ಅಥವಾ ಕಸುಬಿನ ಮನೆತನಗಳು, ಅವರದೇ ಗುಡಿ ಅಥವಾ ಬಸದಿ, ಒಂದು ಬಾವಿ. ಹದಿನೆಂಟನೇ ಶತಮಾನದಲ್ಲಿ ಮೊಘಲರು, ಮರಾಠರ ನಡುವೆ ಊರು ನಲುಗಿದಾಗ ಇಂಥ ಕೇರಿಗಳ ಆಸರೆ ಇನ್ನಷ್ಟು ಬೇಕಾಯಿತು. ಒಂದು ಪೋಳ್‌ನಿಂದ ಇನ್ನೊಂದಕ್ಕೆ ನುಸುಳುವ ಗುಪ್ತದಾರಿಗಳು ಅಲ್ಲಿಯವರಿಗಷ್ಟೇ ಗೊತ್ತಿದ್ದವು. ಮನೆಗಳು ಒತ್ತೊತ್ತಾಗಿದ್ದು ಮರ ಬೆಳೆಯಲು ಜಾಗವಿಲ್ಲದ ಕಾರಣ ಹಕ್ಕಿಗಳಿಗೆಂದೇ ಕಂಬದ ಮೇಲೆ ಕೆತ್ತನೆಯ ಗೂಡು ಕಟ್ಟಿಸಿದರು. ಅದು ಚಬೂತರೊ, ಇಂದಿಗೂ ಅಲ್ಲಿ ಕಾಳು ಹಾಕುತ್ತಾರೆ.

ನನ್ನ ಮಟ್ಟಿಗೆ ಇಲ್ಲಿಯ ದೊಡ್ಡ ಬೆರಗು ಮನೆಯೊಳಗಿನ ಟಾಂಕಾ. ನಡುಅಂಗಳದಲ್ಲಿ ಕಾಣುವುದು ಒಂದು ಸಣ್ಣ ಮುಚ್ಚಳ. ಅದರ ಕೆಳಗೆ ಕೋಣೆಯಷ್ಟು ದೊಡ್ಡ ತೊಟ್ಟಿ. ಮೊದಲ ಮಳೆಗೆ ಮಾಡು ತೊಳೆದುಹೋಗಲು ಬಿಟ್ಟು, ಆಮೇಲಿನ ನೀರನ್ನು ಕೊಳವೆಯಲ್ಲಿ ಇಳಿಸಿಕೊಳ್ಳುತ್ತಿದ್ದರು. ಬಿಸಿಲು ತಾಗದ ಆ ನೀರೇ ವರ್ಷವಿಡೀ ಕುಡಿಯಲು. ಗೋಡೆಯ ಇಟ್ಟಿಗೆಯ ನಡುವೆ ಮರದ ತೊಲೆ ಬಿಗಿಯುವ ಕ್ರಮವೂ ಅಷ್ಟೇ ಜಾಣ್ಮೆಯದು. 2001ರ ಭೂಕಂಪದಲ್ಲಿ ನಗರದ ಹಲವು ಹೊಸ ಬಹುಮಹಡಿ ಕಟ್ಟಡಗಳು ಕುಸಿದವು. ಈ ಹಳೆಯ ಮನೆಗಳಲ್ಲಿ ಬಹಳಷ್ಟು ನಿಂತವು.

ಲಾಂಬೇಶ್ವರ ಪೋಳ್‌ನಲ್ಲಿ ಗುಜರಾತಿ ಕವಿ ದಲಪತರಾಮರ ಮನೆಯ ಮುಂಭಾಗವನ್ನು ಮತ್ತೆ ಕಟ್ಟಿ, ಜಗಲಿಯಲ್ಲಿ ಅವರ ಪ್ರತಿಮೆ ಕೂರಿಸಿದ್ದಾರೆ. ಪಕ್ಕದಲ್ಲಿ ಕುಳಿತು ಫೋಟೊ ತೆಗೆಸಿಕೊಳ್ಳದವರಿಲ್ಲ.

ಓಣಿಗಳು ಕೊನೆಗೆ ಪೇಟೆಗೆ ಬಂದು ಬೀಳುತ್ತವೆ. ಜಾಮಾ ಮಸೀದಿ 1424ರದು, 260 ಕಂಬಗಳ ಮೇಲೆ ನಿಂತದ್ದು. ಅದರ ಹತ್ತಿರವೇ ಮಾಣೇಕ್ ಚೌಕ್. ಕೋಟೆ ಕಟ್ಟುವಾಗ ಮಾಣೇಕನಾಥ ಬಾಬಾ ಹಗಲು ಚಾಪೆ ಹೆಣೆದು ರಾತ್ರಿ ಬಿಚ್ಚುತ್ತಿದ್ದರಂತೆ, ಬಿಚ್ಚಿದ ಹಾಗೆಲ್ಲ ಗೋಡೆ ಉರುಳುತ್ತಿತ್ತಂತೆ. ಆ ಬಾಬಾನ ಸಮಾಧಿ ಚೌಕದಲ್ಲೇ ಇದೆ. ಹಗಲಲ್ಲಿ ಚಿನಿವಾರರ ಪೇಟೆಯಾದ ಜಾಗ ರಾತ್ರಿ ಅಂಗಡಿ ಮುಚ್ಚುತ್ತಲೇ ತಿಂಡಿಬೀದಿಯಾಗುತ್ತದೆ. ಅತ್ತ ರಾಣಿ ನೊ ಹಜೀರೊದಲ್ಲಿ ರಾಣಿಯರ ಗೋರಿಗಳ ಸುತ್ತ ಗರ್ಬಾ ಕುಣಿತದ ಕನ್ನಡಿ ಕಸೂತಿಯ ಚಣಿಯಾ ಚೋಳಿ ತೂಗುತ್ತಿರುತ್ತವೆ.

ಮನಸ್ಸಿಗೆ ನೋವಾಗುವುದು ಬೀಗ ಬಿದ್ದ ಮನೆಗಳನ್ನು ಕಂಡಾಗ. ಮಕ್ಕಳು ನದಿಯಾಚೆ ಫ್ಲ್ಯಾಟ್ ಹಿಡಿದರು, ಮನೆ ವ್ಯಾಪಾರಿಯ ಗೋದಾಮಾಯಿತು, ಕೆತ್ತಿದ ಕಂಬ ಹಳೆ ಸಾಮಾನಿನ ಅಂಗಡಿಗೆ ಹೋಯಿತು. ಯುನೆಸ್ಕೊ ಫಲಕದಿಂದ ಇದು ನಿಲ್ಲದು. ಒಡೆಯರಿಗೆ ದುರಸ್ತಿಗೆ ಹಣ, ನುರಿತ ಬಡಗಿಗಳು, ವಾಹನ ನಿಲ್ಲಿಸಲು ಜಾಗ ಸಿಕ್ಕಬೇಕು. ಕೆಲವರು ಮನೆಯನ್ನು ದುರಸ್ತಿ ಮಾಡಿ ಅತಿಥಿಗಳಿಗೆ ಕೊಡುತ್ತಿದ್ದಾರೆ. ಹೋದವರು ಅಂಥ ಮನೆಯಲ್ಲಿ ಒಂದು ರಾತ್ರಿಯಾದರೂ ತಂಗಿ. ಕೊಟ್ಟ ಬಾಡಿಗೆ ಆ ಮನೆಯ ತೊಲೆಗೇ ಸಲ್ಲುತ್ತದೆ.