ಮದರಂಗಿ, ಹಚ್ಚೆ ಮತ್ತು ಹಣೆಯ ತೊಗಲು

1794ರ ಅಕ್ಟೋಬರಿನಲ್ಲಿ ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಝೀನ್' ಎಂಬ ಪತ್ರಿಕೆ ಓದುಗರೊಬ್ಬರ ಪತ್ರವನ್ನು ಚಿತ್ರಸಮೇತ ಅಚ್ಚುಹಾಕಿತು. ಅದು ಕಾವಸ್‌ಜಿ ಎಂಬ ಮರಾಠಾ ರೈತನ ವೃತ್ತಾಂತ. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ದಂಡಿನ ಎತ್ತು ಹೊಡೆಯುತ್ತಿದ್ದ ಈತ ಟಿಪ್ಪುವಿನ ಸೆರೆಗೆ ಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನೆಂದೂ, ಶ್ರೀರಂಗಪಟ್ಟಣದ ಬಳಿ ಬೀಡುಬಿಟ್ಟಿದ್ದ ಮುಂಬಯಿ ಸೈನ್ಯವನ್ನು ಹಾಗೆಯೇ ಬಂದು ಸೇರಿದನೆಂದೂ ಪತ್ರ ಹೇಳುತ್ತದೆ. ಮೂಗಿಲ್ಲದೆ ವರ್ಷ ಕಳೆದ ಮೇಲೆ, ಪುಣೆಯ ಸಮೀಪದಲ್ಲಿ ಇಟ್ಟಿಗೆ ಮಾಡುವ ಕುಲದವನೊಬ್ಬ ಅವನ ಹಣೆಯ ತೊಗಲಿನಿಂದಲೇ ಹೊಸ ಮೂಗನ್ನು ಕಟ್ಟಿಕೊಟ್ಟ.

ಆತ ಮಾಡಿದ್ದಿಷ್ಟು. ತೆಳುವಾದ ಮೇಣದ ಹಾಳೆಯಿಂದ ಮೂಗಿನ ಅಚ್ಚು ತೆಗೆದು, ಅದನ್ನು ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಸುತ್ತ ಗೆರೆ ಎಳೆದ. ಗೆರೆಯೊಳಗಿನ ತೊಗಲನ್ನು ಬಿಡಿಸಿದ. ಆದರೆ ಹುಬ್ಬುಗಳ ನಡುವೆ ಒಂದು ಸಣ್ಣ ಪಟ್ಟಿಯನ್ನು ಕತ್ತರಿಸದೆ ಬಿಟ್ಟ. ತೊಗಲನ್ನು ಕೆಳಕ್ಕೆ ತಿರುಗಿಸಿ ಕೂರಿಸಿ, ಕಾಚಿನ ಸರಿ ಬಳಿದ ಬಟ್ಟೆಯಿಂದ ಬಿಗಿದ. ಸುಮಾರು ಇಪ್ಪತ್ತೈದನೆಯ ದಿನ ಆ ಪಟ್ಟಿಯನ್ನೂ ಕತ್ತರಿಸಿದ.

ಕೊಯ್ದ ತೊಗಲು ಬಾಡದೆ ಉಳಿದದ್ದು ಹೇಗೆ? ಶ್ರೀರಂಗಪಟ್ಟಣಕ್ಕೆ ಅಂಟಿಕೊಂಡೇ ಇರುವ ಗಂಜಾಮಿನಲ್ಲಿ ನಿವೃತ್ತಿಯ ದಿನಗಳನ್ನು ಕಳೆಯುತ್ತಿರುವ ನನ್ನನ್ನು ಈ ಪ್ರಶ್ನೆ ಬಹುಕಾಲ ಕಾಡಿತು. ನಾನು ಕನ್ನಡದ ಮೇಷ್ಟರು, ವೈದ್ಯನಲ್ಲ. ಉತ್ತರದ ಸುಳಿವು ನಮ್ಮ ಹೆಂಗಸರ ಕೈಯಲ್ಲೇ ಇದೆ. ಮದುವೆಯಲ್ಲಿ ಹಚ್ಚಿದ ಮದರಂಗಿ ಎರಡು ಮೂರು ವಾರಗಳಲ್ಲಿ ಮಾಸುತ್ತದೆ. ಹಳ್ಳಿಯ ಅಜ್ಜಿಯರ ಮುಂಗೈಯ ಹಚ್ಚೆ ಅವರೊಡನೆ ಚಿತೆಗೇ ಹೋಗುತ್ತದೆ.

ಮದರಂಗಿ ಹತ್ತುವುದು ಹೊರಚರ್ಮದ ಮೇಲ್ಪದರಕ್ಕೆ. ಮೈಯ ಬಹುಭಾಗದಲ್ಲಿ ಹೊರಚರ್ಮ ಕಾಗದದಷ್ಟು ತೆಳು. ಅಂಗಾಲಿನಲ್ಲಿ ಮಾತ್ರ ಒಂದು ಮಿಲಿಮೀಟರನ್ನೂ ಮೀರುತ್ತದೆ. ಇದರ ಪ್ರಜೆಗಳಲ್ಲಿ ನೂರಕ್ಕೆ ತೊಂಬತ್ತರಷ್ಟು ಕೆರಟಿನೊಸೈಟ್ ಎಂಬ ಜೀವಕೋಶಗಳು. ಅವು ತಳದ ಸಾಲಿನಲ್ಲಿ ಹುಟ್ಟಿ, ಹಿಂದಿನವುಗಳ ನೂಕಿಗೆ ಮೇಲೇರುತ್ತ, ಉಗುರು ಕೂದಲುಗಳಲ್ಲಿರುವ ಕೆರಟಿನ್ನನ್ನೇ ಒಡಲಲ್ಲಿ ತುಂಬಿಕೊಂಡು, ಕೊನೆಗೆ ಸತ್ತು ಹೆಂಚಿನಂತೆ ಒಂದರ ಮೇಲೊಂದು ಒರಗುತ್ತವೆ. ಹುಟ್ಟಿ ಉದುರುವವರೆಗೆ ಸುಮಾರು ನಾಲ್ಕು ವಾರ. ನಾವು ಮುಟ್ಟಿ ಮುದ್ದಿಸುವುದೆಲ್ಲ ಈ ಸತ್ತ ಹೆಂಚುಗಳನ್ನೇ!

ಹಚ್ಚೆಯ ಸೂಜಿ ಇನ್ನೂ ಕೆಳಗಿಳಿದು ಒಳಚರ್ಮವನ್ನು ಮುಟ್ಟುತ್ತದೆ. ಅಲ್ಲಿ ಫೈಬ್ರೊಬ್ಲಾಸ್ಟ್ ಎಂಬ ಕೋಶಗಳು ನೇಯ್ದ ಕೊಲಾಜನ್ ನಾರಿನ ಗಟ್ಟಿ ಬಲೆ, ಬೆವರಿನ ಗ್ರಂಥಿ, ಕೂದಲಿನ ಬುಡ, ನರ, ರಕ್ತನಾಳ ಎಲ್ಲವೂ ಇವೆ. ಅಲ್ಲಿಯ ಕಾವಲು ಕೋಶಗಳು ಮಸಿಯ ಕಣಗಳನ್ನು ನುಂಗಿ ಕೂರುತ್ತವೆ; ಒಂದು ಸತ್ತರೆ ಇನ್ನೊಂದು ನುಂಗುತ್ತದೆ. ಅದರ ಕೆಳಗೆ ಕೊಬ್ಬಿನ ಮೆತ್ತೆ.

ಹೊರಚರ್ಮದಲ್ಲಿ ರಕ್ತನಾಳಗಳೇ ಇಲ್ಲ. ಕೆಳಗಿನ ನಾಳಗಳಿಂದ ಒಸರುವುದೇ ಅದರ ಅನ್ನ. ಇಟ್ಟಿಗೆಯವನು ಹುಬ್ಬುಗಳ ನಡುವೆ ಉಳಿಸಿದ ಪಟ್ಟಿ ಆ ಅನ್ನದ ಕಾಲುವೆ. ಹೊಸ ನೆಲದಿಂದ ನಾಳಗಳು ಬೆಳೆದು ಬರುವ ತನಕ ಅದು ಹರಿಯುತ್ತಲೇ ಇರಬೇಕು. ಈ ಮರ್ಮವನ್ನು ಅವನು ಯಾವ ಪಾಠಶಾಲೆಯಲ್ಲೂ ಕಲಿತಿರಲಾರ. ಪತ್ರ ಓದಿದ ಜೋಸೆಫ್ ಕಾರ್ಪ್ಯೂ ಎಂಬ ಶಸ್ತ್ರವೈದ್ಯ 1814ರಲ್ಲಿ ಲಂಡನ್ನಿನಲ್ಲಿ ಇದನ್ನೇ ಮಾಡಿ ಗೆದ್ದ.

ಹೊರಚರ್ಮದ ಅಲ್ಪಸಂಖ್ಯಾತರನ್ನು ಮರೆಯುವಂತಿಲ್ಲ. ತಳದಲ್ಲಿ ಕುಳಿತು ಬಣ್ಣ ಹಂಚುವ ಮೆಲನೊಸೈಟ್‌ಗಳ ಸಂಖ್ಯೆ ಕರಿಯರಲ್ಲೂ ಬಿಳಿಯರಲ್ಲೂ ಹೆಚ್ಚುಕಡಿಮೆ ಒಂದೇ. ಹಂಚುವ ಬಣ್ಣದ ಪ್ರಮಾಣ ಮಾತ್ರ ಬೇರೆ. ಹೆಣ್ಣು ನೋಡಲು ಹೋಗುವವರಿಗೆ ಯಾರಾದರೂ ಇದನ್ನು ತಿಳಿಸಬೇಕು. ಮರ್ಕೆಲ್ ಕೋಶಗಳು ನವಿರಾದ ಸ್ಪರ್ಶವನ್ನು ನರಕ್ಕೆ ಮುಟ್ಟಿಸುತ್ತವೆ. ಇನ್ನು, ಕವಲೊಡೆದ ಕೈಗಳನ್ನು ಚಾಚಿ ನಿಂತ ಲ್ಯಾಂಗರ್‌ಹನ್ಸ್ ಕೋಶಗಳು. 1868ರಲ್ಲಿ ಇವನ್ನು ಕಂಡ ವಿದ್ಯಾರ್ಥಿ ಪೌಲ್ ಲ್ಯಾಂಗರ್‌ಹನ್ಸ್ ನರಕೋಶಗಳೆಂದೇ ಬಗೆದ. ಹೊಕ್ಕ ಪರಕೀಯನನ್ನು ಹಿಡಿದು ದುಗ್ಧರಸ ಗ್ರಂಥಿಗಳಿಗೆ ಒಯ್ದು ತೋರಿಸುವ ಕಾವಲುಗಾರರು ಇವರೆಂದು ತಿಳಿಯಲು ನೂರು ವರ್ಷ ಹಿಡಿಯಿತು.

ಆದರೆ ಈ ಕಾವಲಿನಿಂದ ಗಂಜಾಂ ಮೊದಲೇ ಕೆಲಸ ತೆಗೆದಿತ್ತು. 1800ರಲ್ಲಿ ಇಲ್ಲಿ ಇಗರ್ಜಿ ಕಟ್ಟಿಸಿದ ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬ್ವಾ, ಜನರ ಬಾಯಲ್ಲಿ ದೊಡ್ಡಸ್ವಾಮಿ, ಮೈಸೂರು ಸೀಮೆಯಲ್ಲಿ ಸಿಡುಬಿಗೆ ದಾಕು ಹಾಕಿಸುವುದನ್ನು ಹರಡಿದವರಲ್ಲಿ ಒಬ್ಬ. ಗೋಸಿಡುಬಿನ ರಸವನ್ನು ತೋಳಿನ ತೊಗಲಿಗೇ ಗೀರಿ ಸೇರಿಸುತ್ತಿದ್ದರು. ಸುದ್ದಿ ಮುಟ್ಟಿಸುವ ಕೆಲಸ ಆ ಕಾವಲಿನದು. ದ್ಯುಬ್ವಾ ತೀರಿಕೊಂಡದ್ದು 1848ರಲ್ಲಿ. ಆಗ ಲ್ಯಾಂಗರ್‌ಹನ್ಸ್ ಇನ್ನೂ ತೊಟ್ಟಿಲ ಕೂಸು. ನನ್ನ ತೋಳಿನಲ್ಲೂ ದಾಕಿನ ಕಲೆ ಹಾಗೆಯೇ ಇದೆ, ಗಾಯ ಒಳಚರ್ಮಕ್ಕಿಳಿದಿತ್ತು.