ಕಮ್ಮಾರನ ಹೆಸರಿನಲ್ಲೊಂದು ಮೂಕಾಕ್ಷರ

ಫ್ರಾನ್ಸ್ ದೇಶದ ಉತ್ತರ ಭಾಗದಲ್ಲಿ, ಅದರಲ್ಲಿಯೂ ಪಿಕಾರ್ಡಿಯಲ್ಲಿ ಮತ್ತು ಬೆಲ್ಜಿಯಮ್ಮಿನ ಗಡಿಯ ಕಡೆ, ಬಹು ಜನರಿಗಿರುವ ಒಂದು ಮನೆತನದ ಹೆಸರುಂಟು. ರೋಮನ್ ಲಿಪಿಯಲ್ಲಿ ಅದನ್ನು ಎಲ್, ಇ, ಎಫ್, ಇ, ಬಿ, ವಿ, ಆರ್, ಇ ಎಂಬ ಎಂಟು ಅಕ್ಷರಗಳಿಂದ ಬರೆಯುತ್ತಾರೆ. ಓದುವಾಗ ಮಾತ್ರ ‘ಲಫೆವ್ರ್’ ಎನ್ನುತ್ತಾರೆ. ನಡುವಿನ ‘ಬಿ’ ಬಾಯಿಗೆ ಬರುವುದೇ ಇಲ್ಲ. ಇದೇ ಹೆಸರನ್ನು ‘ಬಿ’ ಇಲ್ಲದೆ ಬರೆಯುವ ಮನೆತನಗಳೂ ಹೇರಳವಾಗಿವೆ. ಉಚ್ಚಾರಣೆಯಲ್ಲಿ ಎರಡಕ್ಕೂ ಭೇದವಿಲ್ಲ. ಈ ಮೂಕಾಕ್ಷರ ಎಲ್ಲಿಂದ ಬಂದಿತು? ಒಂದು ಕಾಲದಲ್ಲಿ ನುಡಿಯುತ್ತಿದ್ದು, ಈಗ ಸವೆದುಹೋಗಿರುವ ಧ್ವನಿಯ ಅವಶೇಷವೇ ಇದು? ಹಾಗೆಂದು ತೋರುವುದು ಸಹಜ. ನಾವೂ ಮೊದಲು ಹಾಗೆಯೇ ಎಣಿಸಿದ್ದೆವು. ಪರೀಕ್ಷಿಸಿ ನೋಡಿದರೆ ಸಂಗತಿ ಬೇರೆಯಾಗಿದೆ.

ಹೆಸರಿನ ಮೂಲ ಲ್ಯಾಟಿನ್ ಭಾಷೆಯ ‘ಫಬೆರ್’ ಎಂಬ ಪದ. ಗಟ್ಟಿಯಾದ ಪದಾರ್ಥಗಳಿಂದ ವಸ್ತುಗಳನ್ನು ಮಾಡುವ ಕುಶಲಕರ್ಮಿಯೆಂದು ಇದರ ಅರ್ಥ. ಫ್ರಾನ್ಸಿನಲ್ಲಿ ಈ ಅರ್ಥ ಸಂಕೋಚಗೊಂಡು ಕಬ್ಬಿಣದ ಕೆಲಸದವನಿಗೆ, ಎಂದರೆ ಕಮ್ಮಾರನಿಗೆ, ನಿಂತಿತು. ಈ ಪದದ ವಿಭಕ್ತಿರೂಪವಾದ ‘ಫಬ್ರುಮ್’ ಎಂಬುದೇ ಜನರ ಬಾಯಲ್ಲಿ ತಲೆಮಾರಿನಿಂದ ತಲೆಮಾರಿಗೆ ಮಾರ್ಪಡುತ್ತ ಬಂದುದು.

ಧ್ವನಿಗಳು ಮನಬಂದಂತೆ ಮಾರ್ಪಡುವುದಿಲ್ಲ. ನಮ್ಮ ಹಳಗನ್ನಡದ ‘ಪಾಲು’ ಹಾಲಾಯಿತು, ‘ಪುಲಿ’ ಹುಲಿಯಾಯಿತು, ‘ಪೂ’ ಹೂವಾಯಿತು. ಒಂದು ಪದದಲ್ಲಿ ಆದುದು ಅದೇ ಬಗೆಯ ಇತರ ಪದಗಳಲ್ಲಿಯೂ ಆಗಿದೆ. ಉತ್ತರ ಫ್ರಾನ್ಸಿನ ನುಡಿಯಲ್ಲಿಯೂ ಇಂಥ ನಿಯಮಗಳುಂಟು. ಲ್ಯಾಟಿನಿನಲ್ಲಿ ಒತ್ತಿ ನುಡಿಯುತ್ತಿದ್ದ ಅಕಾರ ಅಲ್ಲಿ ಅನೇಕ ಪದಗಳಲ್ಲಿ ಎಕಾರವಾಯಿತು: ಸಮುದ್ರವೆಂಬ ಅರ್ಥದ ‘ಮರೆ’ ಎಂಬುದು ‘ಮೆರ್’ ಆಯಿತು, ಉಪ್ಪೆಂಬ ಅರ್ಥದ ‘ಸಲ್’ ಎಂಬುದು ‘ಸೆಲ್’ ಆಯಿತು. ಸ್ವರಕ್ಕೂ ರಕಾರಕ್ಕೂ ನಡುವೆ ಸಿಕ್ಕಿದ ಬಕಾರ ವಕಾರವಾಯಿತು: ತುಟಿಗಳೆಂಬ ಅರ್ಥದ ‘ಲಬ್ರ’ ಎಂಬುದರಿಂದ ‘ಲೆವ್ರ್’ ಬಂದಿತು. ಈ ಎರಡು ನಿಯಮಗಳನ್ನು ‘ಫಬ್ರುಮ್’ ಎಂಬುದಕ್ಕೆ ಅನ್ವಯಿಸಿದರೆ ‘ಫೆವ್ರ್’ ಎಂಬ ರೂಪ ತಾನಾಗಿ ದೊರೆಯುತ್ತದೆ. ಅದರ ಹಿಂದೆ ‘ಲ’ ಎಂಬ ಉಪಪದ ಸೇರಿ ‘ಲಫೆವ್ರ್’ ಆಯಿತು.

ದಕ್ಷಿಣ ಫ್ರಾನ್ಸಿನ ನುಡಿ ಬೇರೆ. ಅಲ್ಲಿ ಅಕಾರ ಅಕಾರವಾಗಿಯೇ ಉಳಿದುದರಿಂದ ‘ಫಾಬ್ರ್’ ಎಂಬ ಹೆಸರಾಯಿತು. ಕೀಟಗಳ ಜೀವನವನ್ನು ಕುರಿತು ಬರೆದು ಲೋಕಪ್ರಸಿದ್ಧನಾದ ಜಾನ್ ಆನ್ರಿ ಫಾಬ್ರ್ (1823–1915) ಹುಟ್ಟಿದ್ದು ದಕ್ಷಿಣದ ಸ್ಯಾನ್ ಲೆಯೋನ್ಸ್ ಗ್ರಾಮದಲ್ಲಿ. ಸವಾಯ್ ಪ್ರಾಂತದಲ್ಲಿಯೂ ಸ್ವಿಟ್ಜರ್ಲೆಂಡಿನ ಪಶ್ಚಿಮ ಭಾಗದಲ್ಲಿಯೂ ಅದು ‘ಫಾವ್ರ್’. ಆಗ್ನೇಯದ ದೋಫಿನೆ ಮೊದಲಾದ ಕಡೆಗಳಲ್ಲಿ ಬಕಾರವು ಉಕಾರವಾಗಿ ಕರಗಿದ ರೂಪ ನಿಂತು, ಇಂದಿನ ಉಚ್ಚಾರಣೆಯಲ್ಲಿ ‘ಫೋರ್’ ಆಗಿದೆ. ಮೋಟಾರುಗಾಡಿಯ ಸೀಸದ ಬ್ಯಾಟರಿಯ ವಿಷಯವನ್ನು ಓದುವಾಗ ವಿದ್ಯಾರ್ಥಿಗಳು ಈ ಹೆಸರನ್ನು ಕೇಳಿರಬಹುದು. ಪ್ಲಾಂಟೆಯು 1859ರಲ್ಲಿ ಕಂಡುಹಿಡಿದ ಬ್ಯಾಟರಿಯ ಫಲಕಗಳಿಗೆ ಸೀಸದ ಆಕ್ಸೈಡನ್ನು ಲೇಪಿಸಿ ಅದರ ಶಕ್ತಿಯನ್ನು 1881ರಲ್ಲಿ ಹೆಚ್ಚಿಸಿದವನು ದೋಫಿನೆಯ ವಿಜೀಲ್ ಊರಿನ ಕಾಮೀಯ್ ಫೋರ್. ಅವನೂ ಹೆಸರಿನಿಂದ ಕಮ್ಮಾರನೇ!

ಮನೆತನದ ಹೆಸರುಗಳು ಫ್ರಾನ್ಸಿನಲ್ಲಿ ಬಳಕೆಗೆ ಬಂದುದು ಹೆಚ್ಚಾಗಿ ಹನ್ನೆರಡು, ಹದಿಮೂರನೆಯ ಶತಮಾನಗಳಲ್ಲಿ. ಜನಸಂಖ್ಯೆ ಬೆಳೆದು, ಒಂದೊಂದು ಊರಿನಲ್ಲಿ ಹತ್ತಾರು ಜಾನರೂ ಪಿಯೆರರೂ ಸೇರಿಕೊಂಡಾಗ, ಗುರುತಿಗಾಗಿ ‘ಕಮ್ಮಾರ ಜಾನ್’ ಎನ್ನಬೇಕಾಯಿತು. ಊರಿಗೆ ಕಮ್ಮಾರನು ಒಬ್ಬನೋ ಇಬ್ಬರೋ ಇದ್ದುದರಿಂದಲೇ ಅದು ಗುರುತಿಗೆ ಒದಗಿತು. ಊರಿನವರೆಲ್ಲ ಉಳುವವರಾಗಿದ್ದಲ್ಲಿ ‘ರೈತ ಜಾನ್’ ಎಂದು ಕರೆದು ಪ್ರಯೋಜನವಿಲ್ಲ. ನೂರಾರು ಊರುಗಳಲ್ಲಿ ಈ ಹೆಸರು ಬೇರೆ ಬೇರೆಯಾಗಿ ಹುಟ್ಟಿದುದರಿಂದ ಇಂದಿನ ಇಬ್ಬರು ಲಫೆವ್ರರು ನೆಂಟರಾಗಿರಲೇಬೇಕೆಂದಿಲ್ಲ. ಮುಂದೆ ‘ಫೆವ್ರ್’ ಎಂಬ ಪದವೇ ಆಡುಮಾತಿನಿಂದ ಮರೆಯಾಗಿ, ಅದರ ಸ್ಥಾನಕ್ಕೆ ‘ಫೋರ್ಜರೋನ್’ ಬಂದಿತು. ಅಕ್ಕಸಾಲಿಗನನ್ನು ಹೇಳುವ ‘ಓರ್ಫೆವ್ರ್’ ಎಂಬ ಪದದಲ್ಲಿ ಮಾತ್ರ ಅದು ಇಂದಿಗೂ ಜೀವಿಸಿದೆ.

ಇನ್ನು ‘ಬಿ’ಯ ಮಾತು. ಹದಿನೈದು, ಹದಿನಾರನೆಯ ಶತಮಾನಗಳಲ್ಲಿ ಲ್ಯಾಟಿನ್ ಪಾಂಡಿತ್ಯಕ್ಕೆ ಮರ್ಯಾದೆ ಹೆಚ್ಚಿತು. ಬರಹಗಾರರು ಫ್ರೆಂಚ್ ಪದಗಳಿಗೆ ಅವುಗಳ ಲ್ಯಾಟಿನ್ ಮೂಲವನ್ನು ನೆನಪಿಸುವ ಅಕ್ಷರಗಳನ್ನು ತುರುಕತೊಡಗಿದರು. ‘ಫಬೆರ್’ ಎಂಬುದರ ನೆನಪಿಗೆ ಈ ಹೆಸರಿನಲ್ಲೊಂದು ‘ಬಿ’ ಕುಳಿತಿತು. ಆದರೆ ಆ ಲ್ಯಾಟಿನ್ ಬಕಾರವು ವಕಾರವಾಗಿ ಹೆಸರಿನಲ್ಲಿ ಆಗಲೇ ಇತ್ತಷ್ಟೆ! ಹೀಗೆ ಒಂದೇ ಧ್ವನಿಯನ್ನು ಎರಡು ಸಲ ಬರೆದಂತಾಯಿತು. ಇದರಿಂದ ಒಂದು ಅನುಕೂಲವೂ ಇದ್ದಿತೆಂಬುದನ್ನು ಮರೆಯಬಾರದು. ಆ ಕಾಲದ ಕೈಬರಹದಲ್ಲಿ ‘ಯು’ಗೂ ‘ವಿ’ಗೂ ಭೇದವಿರಲಿಲ್ಲ. ಹಿಂದೊಂದು ‘ಬಿ’ ಇದ್ದರೆ ಮುಂದಿನದು ಸ್ವರವಲ್ಲ, ವ್ಯಂಜನವೆಂದು ಓದುವವನಿಗೆ ತಿಳಿಯುತ್ತಿತ್ತು.

ಆದರೆ ಎಲ್ಲರಿಗೂ ಹಾಗೆ ತಿಳಿಯಲಿಲ್ಲ. ಕೆಲವರು ಅದನ್ನು ‘ಯು’ ಎಂದೇ ಓದಿದರು. ‘ಲಫೆಬ್ಯೂರ್’ ಎಂಬ ಹೊಸ ಹೆಸರೇ ಹುಟ್ಟಿತು. 1660ರಲ್ಲಿ ಪ್ಯಾರಿಸ್ಸಿನಲ್ಲಿ ರಸಾಯನ ಗ್ರಂಥವೊಂದನ್ನು ಪ್ರಕಟಿಸಿ, ಅನಂತರ ಎರಡನೆಯ ಚಾರ್ಲ್ಸ್ ದೊರೆಯ ಆಶ್ರಯದಲ್ಲಿ ಲಂಡನ್ನಿನಲ್ಲಿ ನೆಲಸಿದ ನಿಕೊಲಾ ಲಫೆವ್ರ್‌ನ ಹೆಸರು ‘ವಿ’ಯಿಂದಲೂ, ‘ಬಿ’ ಮತ್ತು ‘ವಿ’ಗಳಿಂದಲೂ, ‘ಬಿ’ ಮತ್ತು ‘ಯು’ಗಳಿಂದಲೂ ಬರೆದು ದೊರೆಯುತ್ತದೆ. ಪುಸ್ತಕಗಳ ಪಟ್ಟಿಯಲ್ಲಿ ಅವನನ್ನು ಹುಡುಕುವವರು ಮೂರೂ ಕಡೆ ನೋಡಬೇಕು.

ಸಾಮಾನ್ಯ ಪದಗಳಿಂದ ಇಂಥ ಅಕ್ಷರಗಳು ಮುಂದೆ ಬಹುಮಟ್ಟಿಗೆ ತೊಲಗಿದವು. ಫ್ರೆಂಚ್ ಅಕಾಡೆಮಿಯ ನಿಘಂಟಿನ 1740ರ ಆವೃತ್ತಿಯೊಂದರಲ್ಲಿಯೇ ಸಾವಿರಾರು ಪದಗಳ ಕಾಗುಣಿತ ಬದಲಾಯಿತು. ಮನೆತನದ ಹೆಸರುಗಳನ್ನು ತಿದ್ದುವ ಅಧಿಕಾರ ಯಾವ ನಿಘಂಟಿಗೂ ಇರಲಿಲ್ಲ. ಕ್ರಾಂತಿಯ ಕಾಲದಲ್ಲಿ, 1792ರಲ್ಲಿ, ಜನನ ಮರಣಗಳ ದಾಖಲೆ ಪಾದ್ರಿಗಳ ಕೈಯಿಂದ ಪುರಸಭೆಗಳಿಗೆ ಬಂದಿತು. ಜನನಪತ್ರದಲ್ಲಿರುವುದನ್ನು ಬಿಟ್ಟು ಬೇರೆ ಹೆಸರನ್ನು ಯಾರೂ ಧರಿಸಬಾರದೆಂದು 1794ರ ಆಗಸ್ಟ್ 23ರ ಶಾಸನ ವಿಧಿಸಿತು. ಗುಮಾಸ್ತನೊಬ್ಬನು ‘ಬಿ’ ಸೇರಿಸಿ ಬರೆದಿದ್ದರೆ ಆ ‘ಬಿ’ ವಂಶಕ್ಕೆ ಅಂಟಿತು. ಒಬ್ಬ ತಂದೆಯ ಇಬ್ಬರು ಮಕ್ಕಳ ಹೆಸರನ್ನು ಎರಡು ಬಗೆಯಾಗಿ ಬರೆದಿದ್ದರೆ ಕಾಗದದ ಮೇಲೆ ಎರಡು ಮನೆತನಗಳಾದವು.

ಸಮುದ್ರ ದಾಟಿದವರ ಪಾಡು ಇನ್ನೂ ವಿಚಿತ್ರ. ಕೆನಡಾದಿಂದ ಅಮೆರಿಕದ ಸಂಯುಕ್ತ ಸಂಸ್ಥಾನಗಳಿಗೆ ಹೋದ ಕೆಲವು ಲಫೆವ್ರರ ಹೆಸರಿನಲ್ಲಿ, ಫ್ರೆಂಚಿನಲ್ಲಿ ಒಂದು ಬಗೆಯ ಅವರೆಕಾಳಿಗಿರುವ ‘ಫೆವ್’ ಎಂಬ ಹೆಸರನ್ನು ಕಂಡು, ಅದನ್ನು ಇಂಗ್ಲಿಷಿಗೆ ತಿರುಗಿಸಿ ‘ಬೀನ್’ ಎಂದು ಮಾಡಲಾಯಿತು. ಕಬ್ಬಿಣ ಬಡಿಯುತ್ತಿದ್ದವನ ಸಂತತಿಯವರು ಹೀಗೆ ಅವರೆಕಾಳಿನವರಾದರು. ಈ ಹೊಸ ಹೆಸರಿನ ‘ಬಿ’ಯನ್ನು ಎಲ್ಲರೂ ಸ್ಪಷ್ಟವಾಗಿ ಉಚ್ಚರಿಸುತ್ತಾರೆ; ಆದರೆ ಅದು ‘ಫಬೆರ್’ನ ‘ಬಿ’ ಅಲ್ಲ.